ಅವ್ವನ ಚೀಲ, ಗಂಗಕ್ಕನ ಸೂಜಿಮೆಣಸು

ಸಿದ್ದಾಪುರಕ್ಕೆ ಬಂದ ಮೊದಲ ದಿನವೇ ನಾನು ಮೆಣಸಿನಕಾಯಿಗೆ ಅತ್ತೆ. ಬ್ಯಾಡಗಿ ಮಗ್ಗುಲಿನ ಊರಲ್ಲಿ ಹುಟ್ಟಿ, ಕೆಂಪು ರಾಶಿಗಳ ನಡುವೆ ಆಡಿ ಬೆಳೆದವಳು ನಾನು. ನಮ್ಮೂರಲ್ಲಿ ಕೂತು ಇದನ್ನು ಓದುತ್ತಿರುವ ನೀವು ನಂಬುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ.

ನಮಗೆ ಮನೆ ಬಾಡಿಗೆಗೆ ಕೊಟ್ಟ ಗಂಗಕ್ಕ ಆವತ್ತು ಅವ್ವನನ್ನೂ ನನ್ನನ್ನೂ ಊಟಕ್ಕೆ ಕರೆದಿದ್ದರು. ಬಾಳೆ ಎಲೆಯ ಪಕ್ಕ ಒಂದೊಂದು ಲೋಟ ಇಟ್ಟರು. ತಿಳಿ ನೀರಿನಂತಿತ್ತು, ಮೇಲೆ ನಾಲ್ಕು ಸಾಸಿವೆ ಕಾಳು ತೇಲುತ್ತಿದ್ದವು. ಸಾಮಾನು ಇಳಿಸಿ ಇಳಿಸಿ ಗಂಟಲು ಒಣಗಿತ್ತು, ಎತ್ತಿ ಗಟಗಟ ಕುಡಿದುಬಿಟ್ಟೆ. ಮೊದಲು ಹುಳಿ ಬಂತು, ಹಿಂದೆಯೇ ಇಂಗಿನ ವಾಸನೆ, ಅದರ ಹಿಂದೆ, ಅಯ್ಯೋ ಶಿವನೇ, ನಾಲಿಗೆಯಿಂದ ಕಿವಿಯ ತನಕ ಬೆಂಕಿ! ಕಣ್ಣು ಮೂಗು ಎಲ್ಲ ಒಟ್ಟಿಗೆ ಸೋರತೊಡಗಿದವು.

"ಅಯ್ಯೋ ರಾಮ, ಅದು ಅಪ್ಪೆಹುಳಿ ಮಾರಾಯ್ತಿ! ಸೂಜಿಮೆಣಸು ನುರಿದು ಹಾಕಿದ್ದಿದ್ದು. ಗುಟುಕು ಗುಟುಕಾಗಿ ಕುಡಿಯದು" ಎಂದು ಗಂಗಕ್ಕ ಓಡಿ ಹೋಗಿ ಬೆಲ್ಲದ ಚೂರು ತಂದು ಬಾಯಿಗೆ ತುರುಕಿದರು. ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಮಿಡಿಯನ್ನು ಕಿವುಚಿ, ನೀರು ಬೆರೆಸಿ, ಒಗ್ಗರಣೆ ಕೊಟ್ಟು ಮಾಡುವ ಸಾರು ಅದು. ಊಟ ಮುಗಿಯುವ ಹೊತ್ತಿಗೆ ಕುಡಿಯುತ್ತಾರೆ. ನಾನು ಊಟ ಶುರುವಾಗುವ ಮೊದಲೇ ಮುಗಿಸಿದ್ದೆ. ಅವ್ವ ತನ್ನ ಲೋಟ ಮುಟ್ಟಿಯೂ ನೋಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಜನ್ಮ ಜಾಲಾಡಿದಳು.

"ಬ್ಯಾಡಗಿ ಮರ್ಯಾದಿ ತಗದಿ ನೋಡು. ಇಲಿ ಹಲ್ಲಿನಷ್ಟ ಕಾಯಿಗೆ ಕಣ್ಣಾಗ ನೀರು ತರಸ್ಕೊಂಡಿ. ಕೆಂಪಿಲ್ಲದ ಖಾರ, ಅದೂ ಒಂದು ಖಾರೇನು? ಬರೇ ಮೋಸ."

ಅವ್ವ ಬಂದದ್ದೇ ಒಲ್ಲದ ಮನಸ್ಸಿನಿಂದ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಮದುವೆಯ ಗೊಡವೆಗೆ ಹೋದವಳಲ್ಲ. ವರ್ಗವಾದಾಗ ಊರಲ್ಲಿ ಅವ್ವನನ್ನು ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಅವಳ ಕೆಮ್ಮು ನಿಮಗೆಲ್ಲ ಗೊತ್ತೇ ಇದೆ, ಮೆಣಸಿನಕಾಯಿ ಸುಗ್ಗಿಯ ಘಾಟಿಗೆ ಉಸಿರು ಕಟ್ಟಿದಂತಾಗುತ್ತದೆ. ಅವಳು ವಾಪಸ್ಸು ಹೋದರೆ ನಾನೂ ಹೋಗಬೇಕು. ಹೋದರೆ ಈ ಕೆಲಸ ಬಿಟ್ಟೇ ಹೋಗಬೇಕು. ಇದು ಅವ್ವನಿಗೂ ಗೊತ್ತಿತ್ತು. ಗೊತ್ತಿದ್ದೂ ಸೀರೆ ತುಂಬಿದ ಚೀಲವನ್ನು ಬಿಚ್ಚಲಿಲ್ಲ. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಬೇಕಾದಾಗ ಒಂದು ಸೀರೆ ತೆಗೆಯುವುದು, ಒಗೆದು ಒಣಗಿಸಿ ಮಡಚಿ ಮತ್ತೆ ಅದರೊಳಗೇ ಇಡುವುದು. ಕಪಾಟು ಖಾಲಿ ಇದೆಯಲ್ಲ ಅಂದರೆ, "ಇರೂತನಕ ಇದ್ದೇನು. ಉಗಾದಿಗೆ ಊರಿಗೆ ಹ್ವಾದ್ರ ತಿರುಗಿ ಬರಾಕಿ ಅಲ್ಲ ನಾನು" ಅನ್ನುತ್ತಿದ್ದಳು. ಶಾಲೆಯಿಂದ ಬರುವಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಮೊಳೆಗೇ.

ಅವಳ ತಕರಾರು ಊರಿನ ಮೇಲಲ್ಲ, ಊಟದ ಮೇಲೆ. ನಮ್ಮಲ್ಲಿ ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ಹಸಿಯದೇ ಹಕ್ಕರಿಕೆ ಸೊಪ್ಪು, ಕಡಿಯಲು ಉಳ್ಳಾಗಡ್ಡಿ. ಸೊಪ್ಪೆಂದರೆ ಸೊಪ್ಪಿನ ಹಾಗೇ ಕಾಣಬೇಕು. ಇಲ್ಲಿ ಸೊಪ್ಪಿಗೆ ಆ ಭಾಗ್ಯವಿಲ್ಲ. ಗಂಗಕ್ಕ ಹಿತ್ತಿಲಿಗೆ ಹೋದರೆಂದರೆ ದೊಡ್ಡಪತ್ರೆಯ ನಾಲ್ಕೆಲೆಯನ್ನೋ ಒಂದೆಲಗವನ್ನೋ ಚಿವುಟಿ ತರುತ್ತಾರೆ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಸುರಿದರೆ ತಂಬುಳಿ. ಸೌತೆಕಾಯಿ ತಂದರೆ ಹೋಳು ಪಲ್ಯಕ್ಕೆ, ತಿರುಳು ತಂಬುಳಿಗೆ. ಹೀರೆಕಾಯಿಯ ಸಿಪ್ಪೆಯನ್ನು ನಾವು ಎಮ್ಮೆಗೆ ಹಾಕುತ್ತೇವೆ, ಇವರು ಚಟ್ನಿ ಮಾಡಿ ನೆಂಟರಿಗೆ ಬಡಿಸುತ್ತಾರೆ. ಬಡಿಸುವಾಗ ಒಂದು ಮಾತು ಕಡ್ಡಾಯ: ಇದು ಹೊಟ್ಟೆಗೆ ತಂಪು, ಇದು ಗಂಟಲಿಗೆ ಒಳ್ಳೆಯದು, ಇದು ಬಾಯಿಹುಣ್ಣಿಗೆ.

"ಊಟಕ್ಕ ಕುಂತೀವೋ ದವಾಖಾನಿಗೆ ಬಂದೀವೋ?" ಅಂತ ಅವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. "ಎಲಿ ತಿನ್ನಾಕ ನಾನೇನು ಆಡೇನು?"

ಸಿರ್ಸಿಯ ಪೇಟೆಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ನಾನು ಗೆದ್ದವಳಂತೆ ಬಂದೆ. ರೊಟ್ಟಿ ಉಬ್ಬಲೂ ಉಬ್ಬಿತು. ಅವ್ವ ಅರ್ಧ ತಿಂದು ತಾಟು ಸರಿಸಿದಳು. ರೊಟ್ಟಿಗೆ ರಂಜಕ ಇಲ್ಲ ಅಂದಮೇಲೆ ಅದೆಂಥ ರೊಟ್ಟಿ ಅಂದಳು. ನಮ್ಮ ಕಡೆ ಅದು ಹಸಿ ಕೆಂಪು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ ಹಾಕಿ ಕುಟ್ಟಿ, ಲಿಂಬೆ ಹಿಂಡಿ ರಂಜಕ ಮಾಡಿ ಭರಣಿಗೆ ತುಂಬುವ ಕಾಲ. ಅವ್ವನ ಕುಪ್ಪಸ ದಿನದಿನಕ್ಕೂ ಸಡಿಲಾಗುತ್ತಿತ್ತು. ನನಗೆ ನಿಜವಾಗಿಯೂ ಭಯವಾಗಿತ್ತು.

ಆಗಲೇ ಅವಳ ಕಣ್ಣು ಗಂಗಕ್ಕನ ಹಿತ್ತಿಲ ಸೂಜಿಮೆಣಸಿನ ಗಿಡದ ಮೇಲೆ ಬಿತ್ತು. ಆಕಾಶಕ್ಕೆ ಮುಖ ಮಾಡಿ ನಿಂತ ಪುಟ್ಟ ಪುಟ್ಟ ಕಾಯಿಗಳು ಹಣ್ಣಾಗಿ ಕೆಂಪಾಗಿದ್ದವು. "ಬೇಕಾದಷ್ಟು ಕೊಯ್ಕಳಿ" ಎಂದು ಗಂಗಕ್ಕ ಹೇಳಿದರು. ಈ ಊರಲ್ಲಿ ಬೇಕಾದಷ್ಟು ಎಂದರೆ ಸಾರಿಗೆ ಎರಡು, ಹೆಚ್ಚೆಂದರೆ ಮೂರು. ನಮ್ಮೂರಲ್ಲಿ ಬೇಕಾದಷ್ಟು ಎಂದರೆ ಉಡಿ ತುಂಬ. ಅವ್ವ ಉಡಿ ತುಂಬಿಕೊಂಡಳು.

ಆವತ್ತು ನಾನು ಶಾಲೆಯಿಂದ ಬರುವಾಗ ಅಂಗಳಕ್ಕೇ ಘಾಟು ಹೊಡೆಯುತ್ತಿತ್ತು. ಅವ್ವ ಕಟ್ಟೆಯ ಮೇಲೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಭರಣಿ ತುಂಬ ಕೆಂಪು ರಂಜಕ. ಒಂದೊಂದೇ ತೊಟ್ಟು ಬರಿಗೈಯಲ್ಲಿ ಮುರಿದು, ಕುಟ್ಟಿ, ಊರಲ್ಲಿ ಮಾಡುವ ಹಾಗೆ ಕೈ ಹಾಕಿಯೇ ಕಲಸಿದ್ದಳು. ನಮ್ಮ ಬ್ಯಾಡಗಿ ಕಾಯಿ ಸಾಧು. ಬಣ್ಣ ಜಾಸ್ತಿ, ಖಾರ ಕಡಿಮೆ. ಮೊಣಕೈತನಕ ಅದ್ದಿದರೂ ಏನೂ ಅನ್ನುವುದಿಲ್ಲ. ಆ ನಂಬಿಕೆಯ ಮೇಲೆ ಅವ್ವ ಇದಕ್ಕೂ ಕೈ ಹಾಕಿದ್ದಳು.

"ಏನಾತವ್ವಾ?"

"ಏನಿಲ್ಲ." ಕೈಗಳನ್ನು ಉಫ್ ಉಫ್ ಎಂದು ಊದಿಕೊಂಡಳು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ಅತ್ತೇಬಿಟ್ಟಳು. "ಯವ್ವಾ, ಕೈ ಸುಡಾಕತ್ತಾವಬೇ! ನೀರು ಹಾಕಿದಷ್ಟೂ ಉರಿ ಹೆಚ್ಚಾಗಾಕತ್ತೈತಿ! ಸಾಕು ಈ ಊರು. ಉಗಾದಿ ಯಾಕ, ನಾಳೀನ ಬಸ್ಸು ಹತ್ತಸು."

ಸದ್ದು ಕೇಳಿ ಗಂಗಕ್ಕ ಬಂದರು. ನಮ್ಮ ಜೊತೆ ಅವರು ಪೇಟೆಯ ಕನ್ನಡ ಆಡುತ್ತಾರೆ, ಗಾಬರಿಯಾದರೆ ಮಾತ್ರ ಮನೆಮಾತು ಹೊರಬೀಳುತ್ತದೆ. "ಎಂತ ಮಾಡ್ಕಂಡ್ರಿ ಪಾರ್ವತಕ್ಕ! ಬರೀ ಕೈಲಿ ಮುಟ್ಟಿದ್ರಾ? ನೀರು ಹಾಕಡಿ, ನೀರಿಗೆ ಅದು ಬಗ್ಗತಿಲ್ಲೆ!" ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಅವ್ವನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಬೆರಳಿಗೂ ತಿಕ್ಕಿದರು. ಒರೆಸಿದರು, ಮತ್ತೆ ತಿಕ್ಕಿದರು. ಕೊನೆಗೆ ಒಂದು ಬೋಗುಣಿ ದಪ್ಪ ಮಜ್ಜಿಗೆಯಲ್ಲಿ ಕೈ ಅದ್ದಿಸಿ ಕೂರಿಸಿದರು. ಉರಿ ಇಳಿಯುವ ತನಕ ಪಕ್ಕದಲ್ಲೇ ಕೂತು, ತಾವು ಹೊಸ ಸೊಸೆಯಾಗಿ ಬಂದಾಗ ಇದೇ ಮೆಣಸು ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡು ಮನೆಮಂದಿಯನ್ನೆಲ್ಲ ಹೆದರಿಸಿದ ಕಥೆ ಹೇಳಿದರು. ಅವ್ವ ಮಜ್ಜಿಗೆಯೊಳಗೆ ಕೈ ಇಟ್ಟುಕೊಂಡೇ ನಕ್ಕಳು. ಸಿದ್ದಾಪುರದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ಆ ಭರಣಿ. ಅವ್ವ ಅದನ್ನು ಗಂಗಕ್ಕನ ಮುಂದೆ ಇಟ್ಟಳು. "ನಿಮ್ಮ ಗಿಡದ್ದು. ಅರ್ಧಾ ನೀವ ತಗೋರಿ."

ನನಗೆ ಕಸಿವಿಸಿ. ಅವರ ಅಡುಗೆಮನೆಗೆ ಬೆಳ್ಳುಳ್ಳಿ ಹೋಗುವುದಿಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು, ಅವ್ವನಿಗೆ ಹೇಳಿರಲಿಲ್ಲ. ಗಂಗಕ್ಕ ಭರಣಿಯನ್ನು ಮೂಸಿದರು. ಸೀನು ಬಂತು, ಮೂಗು ಒರೆಸಿಕೊಂಡರು, ಮತ್ತೆ ಮೂಸಿದರು.

"ಎಂಗ್ಳ ಅಡುಗೆಗೆ ಬೆಳ್ಳುಳ್ಳಿ ಬತ್ತಿಲ್ಲೆ" ಎಂದರು. ಅವ್ವನ ಮುಖ ಸಣ್ಣದಾಯಿತು. ಗಂಗಕ್ಕ ಭರಣಿಯನ್ನು ಹತ್ತಿರ ಎಳೆದುಕೊಂಡರು. "ಮದ್ದು ಹೇಳಿ ಆದ್ರೆ ಅಡ್ಡಿಲ್ಲೆ. ಶೀತಕ್ಕೆ ಬೆಳ್ಳುಳ್ಳಿ ಒಳ್ಳೇದಲ್ದಾ?"

ಹಾಗೆ ನಮ್ಮ ರಂಜಕ ಅವರ ಮನೆಗೆ ಮದ್ದಾಗಿ ಹೋಯಿತು. ಅಡುಗೆಮನೆಯಲ್ಲಿ ಅಲ್ಲ, ಹೊರಗಿನ ಜಗುಲಿಯ ಗೂಡಿನಲ್ಲಿ, ಕಷಾಯದ ಪುಡಿ ಮತ್ತು ಕಾಲೊಡಕಿಗೆ ಹಚ್ಚುವ ಮುರುಗಲ ತುಪ್ಪದ ಪಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಶೀತವೇನೋ ಮೊದಲು ಒಂದೆರಡು ಸಲ ನಿಜವಾಗಿಯೇ ಬಂದಿರಬೇಕು. ಆಮೇಲೆ ಗಂಗಕ್ಕನಿಗೆ ವಿಪರೀತ ಶೀತವಾಗತೊಡಗಿತು. ಒಂದು ದಿನ ಬೆಳಿಗ್ಗೆ ಅವ್ವ ಅತ್ತ ಹೋದಾಗ ಅವರು ಜಗುಲಿಯಲ್ಲಿ ಕೂತು ದೋಸೆ ತಿನ್ನುತ್ತಿದ್ದರಂತೆ, ದೋಸೆಯ ಅಂಚಿಗೆ ಕೆಂಪಗೆ ಏನೋ ಹಚ್ಚಿತ್ತಂತೆ.

"ಗಂಗಕ್ಕಾರ, ಔಷಧ ದ್ವಾಸಿಗೆ ಹಚ್ಕೋತಾರನ್ರಿ?"

"ಬರೀ ಬಾಯಿಗೆ ತಗಳಲಾಗದಿಲ್ಲ ಮಾರಾಯ್ತಿ, ಖಾರ!"

ಇದನ್ನು ಹೇಳುತ್ತ ಅವ್ವ ಬಿದ್ದು ಬಿದ್ದು ನಕ್ಕಳು. ಆವತ್ತು ಗಂಗಕ್ಕ ಕೊಟ್ಟ ದೊಡ್ಡಪತ್ರೆ ತಂಬುಳಿಯನ್ನು ತಾನಾಗಿಯೇ ಅನ್ನಕ್ಕೆ ಹಾಕಿಕೊಂಡಳು. ಅವರು ನನ್ನ ಔಷಧ ಉಣ್ಣುವಾಗ ನಾನು ಅವರ ಔಷಧ ಉಣ್ಣದಿದ್ದರೆ ಹೇಗೆ ಎನ್ನುವುದು ಅವಳ ನ್ಯಾಯ. ಕಾಳುಮೆಣಸಿನ ಕಷಾಯವನ್ನೂ ಬೈಯುತ್ತ ಬೈಯುತ್ತ ಕುಡಿದಳು. ಕೆಮ್ಮು ಕಡಿಮೆಯಾಯಿತು. ಕಷಾಯದಿಂದಲೋ, ಸುಗ್ಗಿಯ ಘಾಟು ಇಲ್ಲದ ಗಾಳಿಯಿಂದಲೋ, ಜೊತೆಗೊಬ್ಬರು ಸಿಕ್ಕಿದ್ದರಿಂದಲೋ, ನಾನರಿಯೆ. ಆದರೆ ಚೀಲ ಮೊಳೆಯಲ್ಲೇ ಇತ್ತು, ಉಗಾದಿ ಹತ್ತಿರ ಬರುತ್ತಿತ್ತು.

ಹಬ್ಬಕ್ಕೆ ಊರಿಗೆ ಬಂದೆವು. ಅವ್ವ ಆ ಚೀಲವನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಬಂದಳು. ಕಪಾಟಿನಲ್ಲಿ ಅವಳದೊಂದು ಕರವಸ್ತ್ರವೂ ಉಳಿದಿರಲಿಲ್ಲ. ದಾರಿಯುದ್ದಕ್ಕೂ ನನ್ನ ಕಣ್ಣು ಆ ಚೀಲದ ಮೇಲೇ ಇತ್ತು. ಚಿಕ್ಕಪ್ಪನ ಮನೆಯಲ್ಲಿ ಅವಳು ಹೋಳಿಗೆ ಉಂಡಳು, ರೊಟ್ಟಿ ಉಂಡಳು, ಅಸಲಿ ರಂಜಕ ಉಂಡಳು. ಉಂಡು, "ಸಪ್ಪಗೈತಿ" ಅಂದಳು! ಸೊಂಟದ ಸಂಚಿಯಿಂದ ಒಂದು ಒಣ ಸೂಜಿಮೆಣಸು ತೆಗೆದು ಚಿಕ್ಕಪ್ಪನ ತಾಟಿಗೆ ಇಟ್ಟಳು. "ನಮ್ಮ ಸಿದ್ದಾಪುರದ್ದು. ಕಡದು ನೋಡಪಾ." ಹತ್ತೂರಿನ ಮೆಣಸಿನಕಾಯಿ ಕಂಡ ಚಿಕ್ಕಪ್ಪ, "ಇಲಿ ಹಲ್ಲಿನಷ್ಟೈತಿ" ಎಂದು ನಕ್ಕು ಕಡಿದರು. ಆಮೇಲೆ ಅವರು ಹಿತ್ತಲಿಗೆ ಓಡಿದ್ದನ್ನು ನಿಮ್ಮಲ್ಲಿ ಬಹಳ ಮಂದಿ ಕಣ್ಣಾರೆ ಕಂಡಿದ್ದೀರಿ.

ಎರಡು ದಿನಕ್ಕೆ ಊರಿನ ಘಾಟು ಅವ್ವನ ಗಂಟಲು ಹಿಡಿಯಿತು. ದೊಡ್ಡಪತ್ರೆ ತಾ ಎಂದು ನನ್ನನ್ನು ಓಣಿ ತುಂಬ ಅಲೆಸಿದಳು. ಎಲ್ಲೂ ಸಿಗಲಿಲ್ಲ. "ಹಿತ್ತಲದಾಗ ಒಂದ ಎಲಿ ಇಲ್ಲ, ಏನ ಸಂಸಾರ ಮಾಡ್ತೀರಿ?" ಎಂದು ಚಿಕ್ಕಮ್ಮನಿಗೆ ಬೈದಳು.

ಹೊರಡುವ ದಿನ ಬೆಳಿಗ್ಗೆ ನಾನು ಒಬ್ಬಳೇ ಪೆಟ್ಟಿಗೆ ಕಟ್ಟಿದೆ. ಅವ್ವನನ್ನು ಏನೂ ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ಅವಳು ಪಡಸಾಲೆಯಲ್ಲಿ ಕೂತು ಚೀಲದಿಂದ ಸೀರೆಗಳನ್ನು ಒಂದೊಂದೇ ತೆಗೆದು ಕೆಳಗಿಡುತ್ತಿದ್ದಳು. ಮುಗಿಯಿತು, ಇಲ್ಲೇ ಉಳಿಯುತ್ತಾಳೆ ಎಂದುಕೊಂಡೆ. ಚೀಲ ಖಾಲಿಯಾದ ಮೇಲೆ ಅವ್ವ ಮೂಲೆಯ ರಾಶಿಯಿಂದ ಒಣ ಬ್ಯಾಡಗಿ ಮೆಣಸಿನಕಾಯಿಯನ್ನು ಬೊಗಸೆ ಬೊಗಸೆ ಅದಕ್ಕೆ ತುಂಬತೊಡಗಿದಳು.

"ನಿಂತು ಏನ ನೋಡ್ತಿ? ಸೀರಿ ನಿನ್ನ ಪೆಟಿಗ್ಯಾಗ ಹಾಕ್ಕೋ. ಗಂಗಕ್ಕ ಬಡಪಾಯಿ, ಜನ್ಮದಾಗ ಕೆಂಪನ್ನ ಸಾರು ಕಂಡಿಲ್ಲ."

ಸೀರೆಗಳು ಈಗ ಸಿದ್ದಾಪುರದ ಕಪಾಟಿನಲ್ಲಿವೆ. ಗಂಗಕ್ಕನ ಸಾರು ಕೆಂಪಾಗಿದೆ, ಬೆಳ್ಳುಳ್ಳಿ ಇಲ್ಲದ್ದರಿಂದ ಈ ಮೆಣಸಿನಕಾಯಿಗೆ ಅಡುಗೆಮನೆಯೊಳಗೇ ಜಾಗ ಸಿಕ್ಕಿದೆ. ಅವ್ವ ಮಾತ್ರ ಇಲ್ಲಿ ಕೂತರೆ ಅಲ್ಲಿಯ ರೊಟ್ಟಿ ನೆನೆಯುತ್ತಾಳೆ, ಅಲ್ಲಿ ಕೂತರೆ ಇಲ್ಲಿಯ ತಂಬುಳಿ. ನಾನೂ ಅಷ್ಟೇ. ಮೊನ್ನೆ ಚೀಲವನ್ನು ಸೋಪು ಹಾಕಿ ತೊಳೆದೆ, ಘಾಟು ಹೋಗಲಿಲ್ಲ. ಬಿಸಾಡಲೇ ಎಂದು ಕೇಳಿದೆ. ಅವ್ವ ಕಿತ್ತುಕೊಂಡು ಅದೇ ಮೊಳೆಗೆ ಹಾಕಿದಳು.

"ಇರಲಿ, ಬೇಕಾಗತೈತಿ."

"ಊರಿಗೆ ಹೋಗಾಕೇನು?"

"ಹೋಗಾಕೂ ಬೇಕು, ಬರಾಕೂ ಬೇಕು" ಅಂದಳು. ಅಂದು, ಆ ಘಾಟಿಗೆ ಎರಡು ಸಲ ಸೀನಿದಳು.