ತೊಂಬತ್ತಕ್ಕೆ ನಿಂತ ಮಷೀನು

ನಮ್ಮ ಬಂಧುಬಳಗದಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಹೀಗಿದೆ: ಬಸವನಗುಡಿಯ ಚಿಕ್ಕಪ್ಪನ ಮನೆಯಲ್ಲಿ ತೇವ ಹೀರುವ ಮಷೀನು ಮಳೆಗಾಲದಲ್ಲಿ ಕೆಟ್ಟುಹೋಯಿತು, ಕಂಪನಿಯವನು ಬಂದು ಯಾವುದೋ ಪಾರ್ಟ್ ಬದಲಾಯಿಸಿದ, ಎಲ್ಲ ಸರಿಹೋಯಿತು. ಮೊನ್ನೆ ಒಂದು ಮುಂಜಿ ಮನೆಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಇದನ್ನು ಮತ್ತೊಮ್ಮೆ ಕೇಳಿದೆ.

ಕ್ಷಮಿಸಿ. ಮಷೀನು ಕೆಟ್ಟಿರಲಿಲ್ಲ. ಕಂಪನಿಯವನು ಬಂದಿರಲಿಲ್ಲ. ಇನ್ನು ಎಲ್ಲ ಸರಿಹೋಯಿತು ಎನ್ನುತ್ತಾರಲ್ಲ, ಅದರ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ಮನೆ. ಅದು ಹಳೆಯ ಮನೆ. ಪ್ರತಿ ಕೋಣೆಯಲ್ಲೂ ಸೂರಿನ ಹತ್ತಿರ ಒಂದು ಪುಟ್ಟ ವೆಂಟಿಲೇಟರ್, ಅದಕ್ಕೊಂದು ಹಗ್ಗ. ಎಳೆದರೆ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚುತ್ತಿತ್ತು. (ಅದಕ್ಕೆ ಮ್ಯಾನ್ಯುಅಲ್ ಇರಲಿಲ್ಲ. ವಾರಂಟಿಯೂ ಇರಲಿಲ್ಲ. ಅಜ್ಜನ ಕಾಲದಿಂದ ಕೆಟ್ಟೂ ಇರಲಿಲ್ಲ.) ಆಮೇಲೆ ಎರಡೂ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಧೂಳು ಬರುತ್ತದೆಂದು ಚಿಕ್ಕಪ್ಪ ವೆಂಟಿಲೇಟರ್‌ಗಳಿಗೆ ಇಟ್ಟಿಗೆ ಕಟ್ಟಿಸಿದರು, ಕಿಟಕಿಗಳಿಗೆ ಅಲ್ಯೂಮಿನಿಯಂ ಫ್ರೇಮಿನ ಗಾಜು ಹಾಕಿಸಿದರು. ಧೂಳು ನಿಂತಿತು. ಗಾಳಿಯೂ ನಿಂತಿತು.

ಮುಂದಿನ ಮಳೆಗಾಲಕ್ಕೆ ಹಾಲ್‌ನ ಗೋಡೆಯಲ್ಲಿ ಕಪ್ಪು ಮಚ್ಚೆ. ಬೀರು ತೆಗೆದರೆ ರೇಷ್ಮೆ ಸೀರೆಗಳಿಂದ ಮುಗ್ಗಲು ವಾಸನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಿಟಕಿ ತೆಗೆಯುತ್ತಿದ್ದಿರಿ. ಅದಕ್ಕೇ ನೀವು ಮ್ಯಾಥ್ಸ್ ಲೆಕ್ಚರರ್ ಆಗಲಿಲ್ಲ. ಚಿಕ್ಕಪ್ಪ ಅರಮನೆ ಮೈದಾನದ ಎಕ್ಸಿಬಿಷನ್‌ಗೆ ಹೋದರು. ಒಳಗಿನ ಗಾಳಿಯನ್ನು ಹೊರಗೆ ಕಳಿಸಿ, ಹೊರಗಿನದನ್ನು ಒಳಗೆ ತಂದು, ಅದರಲ್ಲಿರುವ ನೀರನ್ನು ಹಿಂಡಿ ಒಂದು ಟ್ಯಾಂಕಿಗೆ ತುಂಬುವ ಫಾರಿನ್ ಮಷೀನೊಂದನ್ನು ತಂದರು. ಅಂದರೆ, ಇದ್ದ ತೂತನ್ನು ಮುಚ್ಚಿಸಿ, ಹೊಸ ತೂತು ಕೊರೆಸಿದರು. ಪ್ರಗತಿ ಅಂದರೆ ಇದೇ ಇರಬೇಕು.

ಈ ಮಷೀನಿಗೆ ಗೋಡೆಯ ಮೇಲೆ ಒಂದು ಪ್ಯಾನೆಲ್. ದೇವರ ಮನೆಯ ಬಾಗಿಲ ಪಕ್ಕದಲ್ಲೇ. ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಅನ್ನುವುದಕ್ಕೆ ಒಂದು ಬಟನ್. ಗಾಳಿ ಹೊರಗಿನದೋ ಒಳಗಿನದೋ ಅನ್ನುವುದಕ್ಕೆ ಇನ್ನೊಂದು. ತೇವಕ್ಕೆ ಮೂವತ್ತರಿಂದ ತೊಂಬತ್ತರವರೆಗೆ ನಂಬರು. ಕೊನೆಯಲ್ಲಿ ಒಂದು ಬೀಗದ ಚಿತ್ರ. ಅದನ್ನು ಒತ್ತಿ ಹಿಡಿದರೆ ಪ್ಯಾನೆಲ್ ಲಾಕ್, ಬೇರೆಯವರು ಏನು ಒತ್ತಿದರೂ ಕೇಳುವುದಿಲ್ಲ. ಚಿಕ್ಕಪ್ಪ ಮೊದಲು ಕಲಿತದ್ದು ಇದನ್ನೇ. ಉಳಿದದ್ದನ್ನು ಕಲಿಯುವ ಅಗತ್ಯ ಅವರಿಗೆ ಕಾಣಲಿಲ್ಲ.

ಮಷೀನು ಬಂದರೂ ಮಚ್ಚೆ ಹೋಗಲಿಲ್ಲ. ಇನ್ನಷ್ಟು ಹಬ್ಬಿತು. ಹಾಗಿದ್ದರೆ ತಪ್ಪು ಯಾರದು? ಫಾರಿನ್ ಮಷೀನಿನದ್ದಂತೂ ಅಲ್ಲ. ಅದನ್ನು ಆರಿಸಿ ತಂದವರದ್ದು ಮೊದಲೇ ಅಲ್ಲ. ಇನ್ನು ಉಳಿದವರು ಚಿಕ್ಕಮ್ಮ.

ಚಿಕ್ಕಮ್ಮ ಬುಧವಾರ ಮಧ್ಯಾಹ್ನ ಹಾಲ್‌ನಲ್ಲಿ ಜಮಖಾನ ಹಾಸಿ, ಶ್ರುತಿ ಪೆಟ್ಟಿಗೆ ಇಟ್ಟುಕೊಂಡು, ಬೀದಿಯ ಹೆಂಗಸರಿಗೆ ದೇವರನಾಮ ಹೇಳಿಕೊಡುತ್ತಾರೆ. ಹೇಳಿಕೊಡುತ್ತಿದ್ದರು. ಆ ಮನೆಯಲ್ಲಿ ಅವರು ಹೇಳಿದ್ದನ್ನು ಬೇರೆಯವರು ಬಾಯಿ ಮುಚ್ಚಿಕೊಂಡು ಕೇಳಿ, ಆಮೇಲೆ ಬಾಯಿ ಬಿಟ್ಟು ಒಪ್ಪಿಸುತ್ತಿದ್ದದ್ದು ವಾರದಲ್ಲಿ ಆ ಒಂದು ಮಧ್ಯಾಹ್ನ ಮಾತ್ರ.

ಚಿಕ್ಕಪ್ಪ ಕ್ಲಾಸ್ ನಿಲ್ಲಿಸಿದರು. ಕಾರಣ? ಉಸಿರು.

"ಹತ್ತು ಜನ ಕೂತ್ಕೊಂಡು ಬಾಯಿ ತೆಗೆದು ಉಸಿರು ಬಿಡ್ತಾರೆ ಕಣೋ. ಉಸಿರಲ್ಲಿ ಏನಿರತ್ತೆ? ನೀರಾವಿ. ಹೈಸ್ಕೂಲ್ ಸೈನ್ಸು," ಎಂದು ನನಗೆ ವಿವರಿಸಿದರು. ಎದುರು ಮನೆಯ ಪದ್ಮಕ್ಕ ಕ್ಲಾಸಿಗೆಂದು ಬಂದು, ಸುದ್ದಿ ಕೇಳಿ, ಗೇಟಿನಲ್ಲೇ ನಿಂತು ಹೇಳಿದರಂತೆ: "ಒಂದು ಮೀಟರ್ ಹಾಕಿಸ್ಬಿಡಿ ಸಾರ್. ಎಷ್ಟು ಉಸಿರಾಡಿದ್ವಿ ನೋಡ್ಕೊಂಡು ಅಷ್ಟಕ್ಕೆ ಹಾಡ್ತೀವಿ." ಚಿಕ್ಕಪ್ಪ ಅದನ್ನು ಸಲಹೆ ಎಂದೇ ತಿಳಿದು ಯೋಚಿಸಿದರಂತೆ.

ಕ್ಲಾಸ್ ನಿಂತ ಮೇಲೆ ಒಂದು ಭಾನುವಾರ ನಾನು ಹೋದೆ. ಮಚ್ಚೆ ಹಾಗೇ ಇತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುತ್ತಿದ್ದ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಎದುರಾಳಿಯ ವಾದ ಒಡೆಯಬೇಡ, ಅವನು ತೋರಿಸುವ ಸಾಕ್ಷಿ ಎಲ್ಲಿದೆ ಅಂತ ಕೇಳು. ಕೇಳಿದೆ.

"ಚಿಕ್ಕಪ್ಪ, ಮಷೀನ್ ಓಡ್ತಿದ್ಯಾ?"

"ಓಡ್ತಿದೆ. ಎಷ್ಟು ಸೈಲೆಂಟು ನೋಡು. ನಮ್ಮೋರಿಗೆ ಇದೆಲ್ಲ ಮಾಡಕ್ಕೆ ಬರತ್ತಾ?"

"ಓಡ್ತಿದ್ರೆ ಟ್ಯಾಂಕಲ್ಲಿ ನೀರಿರಬೇಕಲ್ವಾ?"

"ಇಲ್ಲ ಅಂದ್ರೆ ಏನರ್ಥ? ಕ್ಲಾಸ್ ನಿಲ್ಲಿಸಿದ ಮೇಲೆ ಮನೇಲಿ ತೇವ ಇಲ್ಲ ಅಂತ."

"ಮತ್ತೆ ಗೋಡೆ ಇನ್ನೂ ಒದ್ದೆ ಇದೆಯಲ್ಲ?"

ಚಿಕ್ಕಪ್ಪ ಗೋಡೆಯನ್ನು ನೋಡಿದರು. ನನ್ನನ್ನು ನೋಡಿದರು. "ಅದು ಹಳೇ ಉಸಿರು," ಎಂದರು.

ಇಂಥ ವಾದವನ್ನು ಸೋಲಿಸುವುದು ಹೇಗೆ? ನಾನು ಟ್ಯಾಂಕ್ ಎಳೆದೆ. ಒಳಗೆ ಥರ್ಮಾಕೋಲ್ ತುಂಡು ಕೂತಿತ್ತು. ಪ್ಯಾಕಿಂಗ್‌ನದ್ದು. ಒಂದು ಹನಿ ನೀರೂ ಕಾಣದೆ, ಫ್ಯಾಕ್ಟರಿಯಲ್ಲಿ ಇಟ್ಟಂತೆಯೇ. ಮ್ಯಾನ್ಯುಅಲ್ ಎಲ್ಲಿ ಎಂದರೆ ಟೀವಿ ಕೆಳಗಿನ ಡ್ರಾಯರಿನಿಂದ ಪ್ಲಾಸ್ಟಿಕ್ ಕವರಿನ ಸಮೇತ ಬಂತು. ಕವರಿಗೆ ಹೊಡೆದ ಪಿನ್ನನ್ನೂ ಯಾರೂ ತೆಗೆದಿರಲಿಲ್ಲ. ಎರಡನೇ ಪುಟದಲ್ಲೇ ಇತ್ತು. ಪ್ಯಾನೆಲ್ಲಿನ ಆ ತೇವದ ನಂಬರು ಮಷೀನು ಎಷ್ಟು ಕೆಲಸ ಮಾಡಬೇಕು ಎಂಬುದಲ್ಲ. ಮನೆಯ ಗಾಳಿಯಲ್ಲಿ ಎಷ್ಟು ತೇವ ಇರಬಹುದು ಎಂಬುದು. ಗಾಳಿ ಅದಕ್ಕಿಂತ ಒದ್ದೆಯಾದರೆ ಮಾತ್ರ ಮಷೀನು ಏಳುತ್ತದೆ. ಐವತ್ತು ಎಂದರೆ ಬೇಗ ಏಳುತ್ತದೆ. ತೊಂಬತ್ತು ಎಂದರೆ, ಹಾಲ್ ಬಚ್ಚಲುಮನೆ ಆಗುವವರೆಗೂ ಮಲಗಿರುತ್ತದೆ.

ಪ್ಯಾನೆಲ್ ನೋಡಿದೆ. ತೊಂಬತ್ತು.

"ಇದನ್ನ ಕಮ್ಮಿ ಮಾಡ್ಬೇಕು ಚಿಕ್ಕಪ್ಪ."

"ಕಮ್ಮಿನಾ? ಎಷ್ಟಕ್ಕೆ, ಮೂವತ್ತೈದಕ್ಕಾ? ಜಸ್ಟ್ ಪಾಸು ಮಾಡ್ಸಕ್ಕೆ ಇಷ್ಟು ದೂರದಿಂದ ಮಷೀನ್ ತರಿಸ್ಬೇಕಿತ್ತಾ?"

ಈಗ ಅರ್ಥವಾಯಿತಲ್ಲ? ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದ ಮನುಷ್ಯ. ನೂರಕ್ಕೆ ಇಷ್ಟು ಎಂದು ಕಂಡರೆ ಅದು ಮಾರ್ಕ್ಸೇ. ನಮ್ಮ ಇಡೀ ವಂಶದಲ್ಲಿ ತೊಂಬತ್ತನ್ನು ಬೇಡ ಎಂದವರು ಇಲ್ಲ. ಮಷೀನಿಗೆ ಡಿಸ್ಟಿಂಕ್ಷನ್ ಕೊಟ್ಟು ಮಲಗಿಸಿದ್ದರು. ಅದೂ ಜಾಣ ವಿದ್ಯಾರ್ಥಿಯ ಹಾಗೆ ಸದ್ದಿಲ್ಲದೆ ಕೂತಿತ್ತು.

ಅಷ್ಟರಲ್ಲಿ ಅವರಿಗೊಂದು ಫೋನ್ ಬಂತು. ನಾನು ಬೀಗದ ಬಟನ್ ಮತ್ತೆ ಒತ್ತಿ ಹಿಡಿದು ಲಾಕ್ ಬಿಡಿಸಿ, ಥರ್ಮಾಕೋಲ್ ತೆಗೆದು, ನಂಬರನ್ನು ಐವತ್ತಕ್ಕೆ ಇಳಿಸಿದೆ. ಮಷೀನು ಒಮ್ಮೆ ನಡುಗಿ, ಗುರ್ ಎಂದು ಎದ್ದಿತು. ಬಂದಾಗಿನಿಂದ ಮೊದಲ ಸಲ.

"ಏನ್ ಮಾಡಿದ್ಯೋ? ಕೆಡಿಸ್ಬಿಟ್ಟೆ ನೋಡು. ಆಫ್ ಮಾಡು, ಆಫ್ ಮಾಡು," ಎಂದು ಚಿಕ್ಕಪ್ಪ ರಿಸೀವರ್ ಹಿಡಿದುಕೊಂಡೇ ಕೂಗಿದರು. ಅಡುಗೆಮನೆಯಿಂದ ಚಿಕ್ಕಮ್ಮ ಸೌಟಿನ ಸಮೇತ ಬಂದರು. "ಓ, ಇದಕ್ಕೂ ಗಂಟಲಿದೆಯಾ," ಎಂದರು.

ಸಂಜೆಯ ಹೊತ್ತಿಗೆ ಟ್ಯಾಂಕ್ ತುಂಬಿತು. ಚಿಕ್ಕಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗಂಡನ ಮುಂದೆ ನಿಂತರು. "ಇಷ್ಟೂ ನಮ್ಮ ಉಸಿರೇ ಏನ್ರೀ? ಕ್ಲಾಸ್ ನಡೆದು ಎಷ್ಟು ದಿನ ಆಯ್ತು?" ಚಿಕ್ಕಪ್ಪ ಪೇಪರ್ ಮಡಿಸಿ, ಬೇರೆ ಪುಟ ತೆಗೆದರು. ಮರುದಿನ ಅಪ್ಪನಿಗೆ ಫೋನ್ ಮಾಡಿ, "ಸರ್ವಿಸ್ ಮಾಡಿಸಿದೆ, ಏನೋ ಪಾರ್ಟ್ ಹೋಗಿತ್ತು," ಎಂದರು. ಕಥೆ ಹುಟ್ಟಿದ್ದು ಅಲ್ಲಿ.

ನಗಬೇಡಿ. ಲಿಫ್ಟ್ ಮೇಲಿದೆ, ಕೆಳಗೆ ಬರಲಿ ಎಂದು ಕೆಳಮುಖದ ಬಾಣ ಒತ್ತುವವರು ನೀವೇ. ಆಫೀಸಿನ ಏಸಿಯನ್ನು ಹದಿನಾರಕ್ಕೆ ಇಟ್ಟು ಸ್ವೆಟರ್ ಹಾಕಿಕೊಂಡು ಕೂರುವವರೂ ನೀವೇ. ಬಟನ್ ತಿಳಿಯದಿರುವುದು ದೊಡ್ಡ ವಿಷಯವಲ್ಲ. ನನ್ನ ತಕರಾರು ಬೇರೆ. ಮಷೀನು ಕೆಲಸ ಮಾಡದಿದ್ದಾಗ ನಾವು ಪ್ಯಾನೆಲ್ ನೋಡುವುದಿಲ್ಲ. ಪ್ಯಾನೆಲ್ ಮುಟ್ಟಲು ಯಾರಿಗೆ ಅನುಮತಿ ಇಲ್ಲವೋ ಅವರನ್ನು ನೋಡುತ್ತೇವೆ. ಬೀಗ ಹಾಕಿದವರು ಒಬ್ಬರು, ಬಾಯಿ ಮುಚ್ಚಿಕೊಂಡವರು ಹತ್ತು ಜನ. ಇದು ಯಾವ ಹೈಸ್ಕೂಲ್ ಸೈನ್ಸು?

ಈಗ ಆ ಕೊನೆಯ ವಿಷಯ, ಎಲ್ಲ ಸರಿಹೋಯಿತು ಅನ್ನುವುದು. ಕಳೆದ ವಾರ ಹೋಗಿದ್ದೆ. ಗೋಡೆ ಒಣಗಿದೆ. ಸುಣ್ಣವೂ ಆಗಿದೆ. ಮಷೀನು ದಿನವಿಡೀ ಗುರ್ ಎನ್ನುತ್ತದೆ, ಚಿಕ್ಕಪ್ಪನಿಗೆ ಅದು ಈಗ "ಕೆಲಸ ಮಾಡೋ ಶಬ್ದ". ಜಮಖಾನ ಹಾಸುತ್ತಿದ್ದ ಜಾಗದಲ್ಲಿ ಅವರ ಈಸಿಚೇರ್ ಬಂದಿದೆ, ಪ್ಯಾನೆಲ್ಲಿಗೆ ಎದುರಾಗಿ. ಶ್ರುತಿ ಪೆಟ್ಟಿಗೆ ಬೀರುವಿನ ಮೇಲಿದೆ. ಕ್ಲಾಸ್ ಯಾವಾಗ ಎಂದರೆ ಚಿಕ್ಕಮ್ಮ ಕಾಫಿ ಲೋಟ ಕೊಟ್ಟು, "ಅವರು ಏನೂ ಹೇಳಿಲ್ಲ ಕಣೋ," ಎಂದರು. ಚಿಕ್ಕಪ್ಪನನ್ನೇ ಕೇಳಿದೆ. ಮುಖದ ಮುಂದೆ ಹಿಡಿದಿದ್ದ ಪೇಪರ್ ಇನ್ನಷ್ಟು ಮೇಲೆ ಹೋಯಿತು.

ಚಿಕ್ಕಪ್ಪ ಈ ಅಂಕಣವನ್ನು ತಪ್ಪದೆ ಓದುತ್ತಾರೆ, ಕೆಂಪು ಪೆನ್ ಹಿಡಿದುಕೊಂಡು. ಹಾಗಾಗಿ ಇಲ್ಲೇ ಕೇಳುತ್ತಿದ್ದೇನೆ.

ಚಿಕ್ಕಪ್ಪ, ತಪ್ಪು ಯಾರದ್ದು ಅಂತ ಕೇಳುತ್ತಿಲ್ಲ. ಗೋಡೆ ಒಣಗಿತಲ್ಲ, ಬರುವ ಬುಧವಾರ ಚಿಕ್ಕಮ್ಮ ಜಮಖಾನ ಹಾಸಬಹುದಾ?