ಇನ್ನೂರ ಹದಿನಾಲ್ಕು ಕೋಟಿಯ ಆಚೆ

ಕಣ್ಣಿಗೆ ಬಿದ್ದ ಸಂಖ್ಯೆಯನ್ನೆಲ್ಲ ಭಾಗಿಸಿ ನೋಡುವ ಚಟ ನನಗೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಗಣಿತ ಕಲಿಸಿದ ಸಿಸ್ಟರ್ ಹಚ್ಚಿದ್ದು. ಅಂಕಿಗಳನ್ನು ಕೂಡಿದರೆ ಮೂರರ ಗುಟ್ಟು, ಒಂದು ಬಿಟ್ಟೊಂದು ಕೂಡಿ ಕಳೆದರೆ ಹನ್ನೊಂದರ ಗುಟ್ಟು. ತಾರ್ನಾಕದಿಂದ ಹಿಮಾಯತ್‌ನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ಮುಂದಿನ ಕಾರುಗಳ ನಂಬರುಗಳನ್ನು ಹೀಗೆ ಹರಿದು ಹಂಚುತ್ತ ಕೂತಿರುತ್ತೇನೆ. ಕೂಡಿದರೆ ಒಂಬತ್ತಾಗುವ ನಂಬರಿಗೆ ನಾವೀಗಿರುವ ಈ ತೆಲುಗು ಊರಲ್ಲಿ ಜನ ಮುಗಿಬೀಳುತ್ತಾರೆ. ನನಗೆ ಅಂಥವು ಸಪ್ಪೆ. ಮುಟ್ಟಿದರೆ ಮೂರು ಪಾಲಾಗುತ್ತವೆ.

ಈಚೆಗೆ ಮನೆಯೊಳಗೇ ಒಂದು ದೈತ್ಯ ಸಂಖ್ಯೆ ಬಂತು: ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ತಂದವರು ನಮ್ಮ ಮನೆಯವರು. ಮಾಧಾಪುರದ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುವವರು. ಕೆಲವು ದಿನಗಳಿಂದ ಅವರ ಊಟದ ಡಬ್ಬಿ ಹಾಗೇ ವಾಪಸು ಬರುತ್ತಿತ್ತು, ಉಪ್ಪಿನಕಾಯಿ ಮಾತ್ರ ಖಾಲಿ. ಯಾಕೆಂದು ಕೇಳಿದೆ. ಅವರ ಪ್ರೋಗ್ರಾಂ ಅಮೆರಿಕದ ಅಂಗಡಿಯೊಂದರ ಮಾರಾಟ ಎಣಿಸುತ್ತದಂತೆ. ಎಣಿಕೆಗೆ ಇವರು ಬಿಟ್ಟ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ಇದು. ಅಲ್ಲಿಯವರೆಗೆ ಯಾರು ಹೋಗುತ್ತಾರೆ ಅಂದುಕೊಂಡಿದ್ದರು. ಅಂಗಡಿಯ ಎಣಿಕೆ ಅಲ್ಲಿಗೂ ಹೋಯಿತು.

“ಒಂದ ಕೂಡಿಸಿದ್ರ ಸಾಕು ನೋಡು,” ಅಂದರು. “ಸೀದಾ ಮೈನಸ್ ಇನ್ನೂರ ಹದಿನಾಲ್ಕು ಕೋಟಿಗೆ ಬೀಳ್ತೈತಿ. ಸೊನ್ನಿ ಮ್ಯಾಲೂ ನಿಂದ್ರಂಗಿಲ್ಲ.”

ಅವರ ಕೆಲಸ ಉಳಿಯುವುದೋ ಇಲ್ಲವೋ, ಶುಕ್ರವಾರದ ಮೀಟಿಂಗಿನಲ್ಲಿ ತಿಳಿಯಬೇಕಿತ್ತು. ನನ್ನ ಕೈಲಾಗುವುದು ಭಾಗಾಕಾರ. ಅಕ್ಕಿ ಆರಿಸುತ್ತ ಅಂಕಿಗಳನ್ನು ಕೂಡಿದೆ: ನಲವತ್ತಾರು. ಮೂರಕ್ಕೆ ಹೋಗದು, ಒಂದು ಉಳಿಯಿತು. ಏಳಕ್ಕೂ ಒಂದು, ಹನ್ನೊಂದಕ್ಕೂ ಒಂದು. ಒಂದೇ ಒಂದು ಕಡಿಮೆಯಿದ್ದಿದ್ದರೆ ಹೇಗೆ ಹೋಳಾಗುತ್ತಿತ್ತಲ್ಲ ಎಂದು ಚಡಪಡಿಸಿದೆ. ಹದಿಮೂರಕ್ಕೆ ಹೋಗುವಷ್ಟರಲ್ಲಿ ಅನ್ನ ತಳ ಹಿಡಿಯಿತು.

“ಬಿಡ, ಅದು ಅವಿಭಾಜ್ಯ ಐತಿ,” ಅಂದರು ಇವರು. “ನಲವತ್ತಾರು ಸಾವಿರದ ತನಕಾ ಒಡದ್ರೂ ಒಡಿಯಂಗಿಲ್ಲ. ನಿಮ್ಮ ಸಿಸ್ಟರ್ ಬಂದ್ರೂ ಅಷ್ಟ.”

ಅವರು ನಕ್ಕಿದ್ದು ಆ ವಾರದಲ್ಲಿ ಅದೊಂದೇ ಸಲ.

ಹೋದ ವರ್ಷ ಈ ಪ್ರೋಗ್ರಾಂ ಮುಗಿದಾಗ ಕಂಪನಿ ಬಿರಿಯಾನಿ ಹಾಕಿಸಿತ್ತು. ಫೋಟೋದಲ್ಲಿ ಮ್ಯಾನೇಜರ್, ಪರೀಕ್ಷಿಸಿ ಸರಿಯಿದೆ ಎಂದವರು, ಒಪ್ಪಿಗೆ ಕೊಟ್ಟವರು, ಎಲ್ಲ ಸಾಲಾಗಿ ನಿಂತಿದ್ದಾರೆ. ನಮ್ಮವರು ತುದಿಯಲ್ಲಿ, ಅರ್ಧ ತೋಳು ಚೌಕಟ್ಟಿನ ಹೊರಗೆ. ಬಿರಿಯಾನಿ ಅಷ್ಟು ಜನರಿಗೆ ಸರಾಗವಾಗಿ ಪಾಲಾಗಿತ್ತು. ಈಗಿನ ತಪ್ಪನ್ನು ಅದೇ ಜನರಿಗೆ ಹಂಚಲು ಹೋದರೆ ಯಾರ ತಟ್ಟೆಗೂ ಬೀಳಲಿಲ್ಲ. ಇಡಿಯಾಗಿ ಇವರ ಮುಂದೆಯೇ ಉಳಿಯಿತು.

ಶುಕ್ರವಾರ ಮಧ್ಯಾಹ್ನವೇ ಮನೆಗೆ ಬಂದರು. ಕೊರಳಲ್ಲಿ ಐಡಿ ಕಾರ್ಡಿನ ನೀಲಿ ಪಟ್ಟಿ ಇರಲಿಲ್ಲ. ಬೂಟು ಬಿಚ್ಚದೆ ಸೋಫಾದಲ್ಲಿ ಕೂತು, “ಮುಗೀತು,” ಅಂದರು. ಇಂಥದ್ದನ್ನು ಹೇಗೆ ಭಾಗಿಸುವುದೆಂದು ಯಾವ ಕಾನ್ವೆಂಟೂ ಕಲಿಸಿರಲಿಲ್ಲ.

ಅವಿಭಾಜ್ಯ ಸಂಖ್ಯೆಯನ್ನೂ ಭಾಗಿಸಬಲ್ಲವರು ಇಬ್ಬರಿದ್ದಾರೆ: ಒಂದು ಅದೇ ಸಂಖ್ಯೆ, ಇನ್ನೊಂದು ಬರೀ ಒಂದು. ಒಂದರಿಂದ ಭಾಗಿಸಿ ಬಂದ ಭಾಗ್ಯವೇನು? ಇದ್ದದ್ದು ಇದ್ದಷ್ಟೇ ಇರುತ್ತದೆ, ಕಾಳಷ್ಟೂ ಕಡಿಮೆಯಾಗುವುದಿಲ್ಲ. ಅಷ್ಟು ಗೊತ್ತಿದ್ದೂ, ಹೋಗಿ ಅವರ ಪಕ್ಕದಲ್ಲಿ ಕೂತೆ.