ಬೀಗಿತ್ತಿ ಕಳಿಸಿದ ನೀರು

ಲಾಂಡ್ರಿ ಅಕ್ಕನ ಬಾಯಿಗೆ ಬೀದಿಯೇ ಹೆದರುತ್ತಿತ್ತು. ಒಗೆದ ಬಟ್ಟೆಯ ಬಗ್ಗೆ ಯಾರಾದರೂ ತಕರಾರು ತೆಗೆದರೆ ಸಾಕು, ಅಂಗಿಯನ್ನು ಕೊಡವಿ ಹಿಡಿದು, ಕಾಲರಿನ ಕೊಳೆ ಎಷ್ಟು ದಿನದ್ದು, ತೋಳಿನ ಎಣ್ಣೆ ಕಲೆ ಎಲ್ಲಿಯದು ಎಂದು ನಾಲ್ಕು ಜನರ ಮುಂದೆ ವಿಚಾರಣೆ ಶುರುಮಾಡುತ್ತಿದ್ದಳು. ಬಂದವರು ತೆಪ್ಪಗೆ ಗಂಟು ಎತ್ತಿಕೊಂಡು ಹೊರಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ತೊಟ್ಟಿ, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಆರಂಭಿಸಿದವಳು ಆಸ್ಪತ್ರೆಯ ಬೆಡ್‌ಶೀಟುಗಳನ್ನೆಲ್ಲ ಒಗೆಯುವ ಮಟ್ಟಕ್ಕೆ ಬಂದಿದ್ದಳು. ಜೊತೆಗೆ ದುಡಿಯಲು ಮೂವರು ಹೆಂಗಸರಿದ್ದರು. ಮಗಳನ್ನು ಓದಿಸಿದ್ದು, ನದಿಯ ಮೇಲ್ಭಾಗದಲ್ಲಿದ್ದ ಮೇಲಿನ ಊರಿಗೆ ಮದುವೆ ಮಾಡಿ ಕೊಟ್ಟದ್ದು, ಎಲ್ಲವೂ ಆ ತೊಟ್ಟಿಯ ದುಡಿಮೆಯಲ್ಲೇ.

ಅಂಥವಳನ್ನೂ ನೀರು ಕಂಗೆಡಿಸಿತು. ಬೇಸಿಗೆಯಲ್ಲಿ ನದಿಯ ನೀರು ಮನೆಗಳಿಗೆ ಮಾತ್ರ. ಲಾಂಡ್ರಿಗೆ ಬೋರ್‌ವೆಲ್ಲೇ ಗತಿ. ಆ ನೀರೋ ಕಡು ಗಡಸು. ಎಷ್ಟು ಸೋಪು ಉಜ್ಜಿದರೂ ನೊರೆ ಬಾರದು, ಬಿಳಿ ಬಟ್ಟೆ ಹಳದಿಗೆ ತಿರುಗುತ್ತದೆ. ಕೊನೆಯ ಸಲ ಜಾಲಿಸುವಾಗ ನಾಲ್ಕು ಹನಿ ನೀಲಿ ಹಾಕಿ ಹೇಗೋ ಮಾನ ಮುಚ್ಚಿಕೊಳ್ಳುತ್ತಿದ್ದಳು. ಈ ವರ್ಷ ಹಳದಿ ನೀಲಿಗೂ ಜಗ್ಗಲಿಲ್ಲ. ಆಸ್ಪತ್ರೆಯ ಮೇಲ್ವಿಚಾರಕಿ ಒಂದು ಬೆಡ್‌ಶೀಟನ್ನು ಬೆಳಕಿಗೆ ಹಿಡಿದು, "ಮುಂದಿನ ಬೇಸಿಗೆಲೂ ಹೀಗೇ ಆದ್ರೆ ಬೇರೆ ಕಡೆ ಕೊಡ್ತೀವಮ್ಮಾ" ಎಂದುಬಿಟ್ಟಳು. ಆಸ್ಪತ್ರೆಯ ಬಟ್ಟೆ ಹೋದರೆ ಲಾಂಡ್ರಿಗೆ ಬೀಗ ಹಾಕಬೇಕಾಗುತ್ತಿತ್ತು.

ಒಂದು ದಾರಿಯಿತ್ತು. ಮೇಲಿನ ಊರಿನಲ್ಲಿ ಬಳಸಿದ ನೀರನ್ನು ಶುದ್ಧ ಮಾಡುವ ಘಟಕ ಹೊಸದಾಗಿ ಬಂದಿತ್ತು. ಎರಡೂ ಊರಿನ ಕೊಳಚೆ ಅಲ್ಲಿಗೆ ಹೋಗಲಿ, ಶುದ್ಧವಾಗಿ ಎರಡೂ ಊರಿನ ಲಾಂಡ್ರಿ, ಕಾರ್ಖಾನೆ, ಉದ್ಯಾನಗಳಿಗೆ ಬರಲಿ, ನದಿಯ ನೀರು ಎಲ್ಲರಿಗೂ ಕುಡಿಯಲು ಉಳಿಯಲಿ ಎಂದು ಎರಡು ಪುರಸಭೆಗಳು ಮಾತಾಡಿಕೊಂಡಿದ್ದವು. ಕೆಳಗಿನ ಊರಿನ, ಅಂದರೆ ಅಕ್ಕನ ಊರಿನ, ಜನ ಸಭೆಯಲ್ಲಿ ಕೈ ಎತ್ತಿದರೆ ಪೈಪು ಬರುತ್ತಿತ್ತು. ಜನವೋ, "ಅವರ ಬಚ್ಚಲ ನೀರು ನಮಗ್ಯಾಕೆ?" ಎಂದು ಮೂಗು ಮುರಿಯುತ್ತಿದ್ದರು. ಆ ಘಟಕ ಬರುವ ತನಕ ಅದೇ ಬಚ್ಚಲ ನೀರು ಸೋಸದೆ, ತೊಳೆಯದೆ ನದಿಯಲ್ಲಿ ಹರಿದು ತಮ್ಮೂರಿಗೇ ಬರುತ್ತಿತ್ತು ಎಂಬುದು ಮಾತ್ರ ಈ ಮೂಗಿನವರಿಗೆ ಹೊಳೆದಿರಲಿಲ್ಲ.

ಅಕ್ಕನಿಗೆ ಇನ್ನೊಂದು ಕಸಿವಿಸಿ. ಆ ಘಟಕವನ್ನು ನೋಡಿಕೊಳ್ಳುವವಳು ಅವಳ ಬೀಗಿತ್ತಿ, ಅಂದರೆ ಮಗಳ ಅತ್ತೆ. ವರ್ಷದ ಹಿಂದೆ ಬೀಗಿತ್ತಿ ಒಗೆಯಲು ಕಳಿಸಿದ ಅಂಗಿಯ ಒಂದು ಗುಂಡಿ ಕಾಣೆಯಾಗಿತ್ತು. ನಿಮ್ಮಲ್ಲೇ ಬಿತ್ತು ಎಂದು ಅವಳು, ಬರುವಾಗಲೇ ಇರಲಿಲ್ಲ ಎಂದು ಇವಳು. ಗುಂಡಿ ಸಿಗಲಿಲ್ಲ, ಮಾತು ನಿಂತುಹೋಯಿತು. ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳು ಮಗಳು.

ಆದರೆ ಹೊಟ್ಟೆಪಾಡಿನ ಮುಂದೆ ಬಿಗುಮಾನ ಎಷ್ಟು ದಿನ ನಡೆದೀತು? ಅಕ್ಕ ನೇರ ಪುರಸಭೆಗೆ ಹೋದಳು. "ಭಾಷಣ ಎಲ್ಲ ಬೇಡ ಸ್ವಾಮಿ. ಸಭೆನ ನನ್ನ ಲಾಂಡ್ರಿ ಮುಂದೇನೇ ಮಾಡಿ. ಒಂದು ತೊಟ್ಟಿಲಿ ಬೋರ್ ನೀರು, ಇನ್ನೊಂದರಲ್ಲಿ ಅವರ ನೀರು. ಒಗೆದು ಒಣಗಹಾಕ್ತೀನಿ, ಕಣ್ಣಿದ್ದೋರು ನೋಡ್ಲಿ."

ಸಭೆಯ ದಿನ ಬೀದಿ ತುಂಬ ಜನ. ಬೀಗಿತ್ತಿ ಗಾಡಿಯಿಂದ ನೀರಿನ ಕ್ಯಾನುಗಳನ್ನು ಇಳಿಸಿ, ಅಕ್ಕನ ಕಡೆ ತಿರುಗಿಯೂ ನೋಡದೆ ಪಕ್ಕದಲ್ಲಿ ನಿಂತಳು. ಅಕ್ಕ ತನ್ನ ಜೊತೆಯ ಹೆಂಗಸಿಗೆ, "ಬೋರ್ ನೀರಲ್ಲಿ ಈ ಬೆಡ್‌ಶೀಟ್ ನೀನು ಒಗಿ. ಇವತ್ತು ನೀಲಿ ಮುಟ್ಟಬೇಡ, ತಿಳೀತಾ?" ಎಂದು ಊರಿಗೆಲ್ಲ ಕೇಳುವಂತೆ ತಾಕೀತು ಮಾಡಿ, ತಾನು ಹೊಸ ನೀರಿಗೆ ಇಳಿದಳು.

ಸೋಪು ತಾಗಿದ್ದೇ ತಡ, ಬುಸುಬುಸು ನೊರೆ ಎದ್ದಿತು. ಎಷ್ಟು ಬೇಸಿಗೆಗಳಾಗಿದ್ದವೋ ಅವಳು ಇಂಥ ನೊರೆ ಕಂಡು! ಹಿಗ್ಗಿ ಹೀರೇಕಾಯಿಯಾದಳು. ಜನಕ್ಕೆ ಬೆನ್ನು ಮಾಡಿ ಬಗ್ಗಿ ಒಗೆದಳು, ಹಿಂಡಿದಳು, ಜಾಲಿಸಿದಳು. ಆ ಮೈಮರೆವಿನಲ್ಲಿ ಅವಳ ಬಲಗೈ ತಾನೇ ತಾನಾಗಿ ಲಾಂಡ್ರಿಯ ಕಿಟಕಿಗೆ ಹೋಗಿ, ಅಲ್ಲಿದ್ದ ಸೀಸೆ ಎತ್ತಿ, ನಾಲ್ಕು ಹನಿ ನೀಲಿಯನ್ನು ತೊಟ್ಟಿಗೆ ಬಿಟ್ಟು ವಾಪಸು ಬಂತು. ಜೊತೆಯವಳಿಗೆ ಹೇಳಿದ ಬುದ್ಧಿಯನ್ನು ತನ್ನ ಕೈಗೆ ಹೇಳಲು ಮರೆತಿದ್ದಳು.

"ನೀರು ನೀಲಿ ಆಯ್ತು ನೋಡ್ರೋ!" ಸೈಕಲ್ ರಿಪೇರಿಯವನು ಕೂಗಿಕೊಂಡ. "ನಾನು ಹೇಳ್ಲಿಲ್ವಾ, ಅದರಲ್ಲಿ ಕೆಮಿಕಲ್ ಇದೆ ಅಂತ!"

"ಅಯ್ಯೋ, ಅದು ನಾನು ಹಾಕಿದ ನೀಲಿ ಕಣೋ! ಕೈ ತಪ್ಪಿ ಹಾಕ್ಬಿಟ್ಟೆ!" ಅಕ್ಕ ಸೀಸೆ ಎತ್ತಿ ತೋರಿಸಿದಳು.

"ಸುಮ್ನಿರಿ ಅಕ್ಕಾ. ಬೀಗರ ಮಾನ ಉಳಿಸೋಕೆ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರಾ. ನೀವಿಬ್ಬರೂ ಒಂದೇ!"

ಜನ ಹೌದೆಂದು ತಲೆ ಆಡಿಸಿದರು. ಕೆಲವರು ಆಗಲೇ ಹೊರಡಲು ಚಪ್ಪಲಿ ಹುಡುಕತೊಡಗಿದರು. ಲಾಂಡ್ರಿಯನ್ನು ತಾನೇ ಕೈಯಾರೆ ಮುಳುಗಿಸಿದೆ ಎನ್ನಿಸಿ ಅಕ್ಕನ ಬಾಯಿಂದ ಮಾತೇ ಹೊರಡಲಿಲ್ಲ.

ಸುಮ್ಮನಿರಲಾಗದವಳು ಬೀಗಿತ್ತಿ. "ಯಾರು, ಇವರಾ? ನನ್ನ ಮಾನ ಉಳಿಸೋರು? ನನ್ನ ಅಂಗಿದು ಒಂದು ಗುಂಡಿ ಉಳಿಸೋಕೆ ಆಗಲಿಲ್ಲ ಇವರ ಕೈಲಿ!"

ಅಕ್ಕನ ಬಾಯಿ ಥಟ್ಟನೆ ವಾಪಸು ಬಂತು. "ಗುಂಡಿ ಇರಲೇ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರೀ? ಒಂದು ಗುಂಡಿಗೆ ವರ್ಷಪೂರ್ತಿ ಮುಖ ಊದಿಸ್ಕೊಂಡವರು ನೀವು!"

"ನಾನಾ? ಮಗಳ ಮನೆ ಕಡೆ ಒಂದು ಸಲ ತಲೆ ಹಾಕಿದ್ರಾ ನೀವು?"

"ನೀವು ಕರೆದ್ರಾ?"

"ಹೆತ್ತ ಮಗಳ ಮನೆಗೆ ಬರೋಕೆ ಕರೀಬೇಕಾ? ದಿನಾ ಸಂಜೆ ಬಾಗಿಲು ನೋಡ್ಕೊಂಡು ಕೂತಿರ್ತಾಳ್ರೀ ಅವಳು. ನೋಡಿ ನೋಡಿ ನನಗೇ ಸಂಕಟ ಆಗುತ್ತೆ! ಈಗ ನೋಡಿದ್ರೆ ನಾನು ಹೊತ್ಕೊಂಡು ಬಂದ ನೀರಿಗೂ ನೀಲಿ ಸುರಿದ್ರಿ!"

ಹೊರಟಿದ್ದವರೆಲ್ಲ ಮತ್ತೆ ಕೂತರು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರೆ. ಅವತ್ತು ಮೂರನೆಯವರಾಗಿ ಇಡೀ ಊರೇ ಕೂತಿತ್ತು. ಕೊನೆಗೆ ಸೈಕಲ್ ರಿಪೇರಿಯವನೇ ಎದ್ದು ನಿಂತ.

"ಇವರಿಬ್ಬರೂ ಸೇರಿ ನಮಗೆ ಮೋಸ ಮಾಡೋದಿರ್ಲಿ, ಸೇರಿ ಒಂದು ಬಕೆಟ್ ಎತ್ತೋಕೂ ಆಗಲ್ಲ ಬಿಡಿ," ಎಂದ. ಬೀದಿಯೆಲ್ಲ ಗೊಳ್ಳೆಂದಿತು. "ಅಕ್ಕಾ, ಇನ್ನೊಂದು ಸಲ ಒಗೀರಿ. ಸೀಸೆ ನನ್ನ ಕೈಲಿರ್ಲಿ."

ಒಂದು ಕ್ಯಾನು ಉಳಿದಿತ್ತು. ಅಕ್ಕ ಇನ್ನೊಂದು ಬೆಡ್‌ಶೀಟು ಒಗೆದು, ಬೋರ್ ನೀರಿನ ಬೆಡ್‌ಶೀಟಿನ ಪಕ್ಕದಲ್ಲೇ ತಂತಿಗೆ ಹಾಕಿದಳು. ವ್ಯತ್ಯಾಸ ಹಿಂದಿನ ಸಾಲಿನವರಿಗೂ ಕಂಡಿತು. ಕೈಗಳು ಒಂದೊಂದಾಗಿ ಮೇಲೆದ್ದವು.

ಪೈಪು ಮುಂದಿನ ಬೇಸಿಗೆಗೆ ಮೊದಲೇ ಬಂತು. ಆಸ್ಪತ್ರೆಯ ಮೇಲ್ವಿಚಾರಕಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ವಾರ್ಡಿನ ಬೆಡ್‌ಶೀಟುಗಳನ್ನೂ ಕಳಿಸತೊಡಗಿದಳು. ನಾಲ್ಕನೆಯ ಹೆಂಗಸಿಗೂ ಕೆಲಸ ಸಿಕ್ಕಿತು.

ಒಂದು ಮಧ್ಯಾಹ್ನ ಪೈಪಿನ ಒತ್ತಡ ನೋಡಲೆಂದು ಬೀಗಿತ್ತಿ ಲಾಂಡ್ರಿಗೆ ಬಂದಳು. ಅಕ್ಕ ಮೊಣಕೈವರೆಗೆ ನೊರೆಯಲ್ಲಿದ್ದಳು. ತೊಟ್ಟಿಯ ಕೊಳೆನೀರು ಕೊಳವೆಗೆ ಇಳಿಯುವುದನ್ನು ತೋರಿಸಿ, ಕೊಂಚ ಸಂಕೋಚದಿಂದ, "ಈ ಗಲೀಜೆಲ್ಲ ಮತ್ತೆ ನಿಮ್ಮ ಹತ್ರಾನೇ ಬರುತ್ತಲ್ವಾ?" ಎಂದು ಕೇಳಿದಳು.

"ಬರ್ಲಿ ಬಿಡಿ," ಎಂದಳು ಬೀಗಿತ್ತಿ. "ನೀವು ಊರಿನ ಬಟ್ಟೆ ಒಗೀರಿ, ನಾನು ನಿಮ್ಮ ನೀರು ಒಗೀತೀನಿ."

ಅಕ್ಕ ನಕ್ಕಳು. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿ ಬಂತು. ಲಾಂಡ್ರಿಯನ್ನು ಹೆಂಗಸರಿಗೆ ಒಪ್ಪಿಸಿ, ಒದ್ದೆ ಕೈಯಲ್ಲೇ ಬೀಗಿತ್ತಿಯ ಕೈ ಹಿಡಿದುಕೊಂಡು, "ನಡೀರಿ, ಮಗಳನ್ನ ನೋಡ್ಬೇಕು" ಎಂದಳು.